ಕುಂಬಾರನ ಕತ್ತೆಯೂ ಅಗಲದ ಟೈರೂ

“ಟೈರ್ ಹಾಕ್ಸಿದ್ ಮೇಲೆ ಗಾಡಿ ಎಡಕ್ಕೆ ಎಳೀತಿದೆ ನೋಡಿ.” ವೀಲ್ ಅಲೈನ್‌ಮೆಂಟ್ ಅಂಗಡಿಯ ಹುಡುಗರು ದಿನಾ ಕೇಳುವ ಮಾತಿದು. ಗಿರಾಕಿ ಇಲ್ಲಿ ಎರಡು ಸಂಗತಿ ತಿಳಿಸುತ್ತಾನೆ: ಹೊಸ ಟೈರ್ ಹಾಕಿಸಿದ್ದು ಒಂದು, ಗಾಡಿ ಎಳೆಯುತ್ತಿರುವುದು ಇನ್ನೊಂದು. ಮೊದಲನೆಯದರಿಂದಲೇ ಎರಡನೆಯದಾಯಿತು ಎಂಬ ಮೂರನೆಯ ಸಂಗತಿಯನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ. ಅದು ಮನೆಯಿಂದ ಹೊರಡುವ ಮುಂಚೆಯೇ ತೀರ್ಮಾನವಾಗಿರುತ್ತದೆ. ಟೈರ್ ಮಾರಿದವನನ್ನು ದಾರಿಯುದ್ದಕ್ಕೂ ಬೈದುಕೊಂಡೇ ಬಂದಿರುತ್ತಾನೆ.

ಒಂದರ ಹಿಂದೆ ಇನ್ನೊಂದು ನಡೆದ ಮಾತ್ರಕ್ಕೆ ಮೊದಲನೆಯದು ಕಾರಣವಾಗುತ್ತದೆಯೇ? ಈ ಪ್ರಶ್ನೆಯನ್ನು ನಮ್ಮ ನ್ಯಾಯಶಾಸ್ತ್ರದವರಷ್ಟು ಹಟ ಹಿಡಿದು ಕೆದಕಿದವರು ಕಡಿಮೆ. ಕಾಗೆ ಬಂದು ಕೂತಿತು, ತಾಳೆಹಣ್ಣು ಬಿತ್ತು ಎಂಬ ಕಾಕತಾಳೀಯದ ಮಾತು ಎಲ್ಲರಿಗೂ ಗೊತ್ತು. ನೈಯಾಯಿಕರ ಬಳಿ ಅದಕ್ಕಿಂತ ಹರಿತವಾದ ಇನ್ನೊಂದು ಉದಾಹರಣೆ ಇದೆ. ಮಡಕೆಗೆ ಕಾರಣ ಯಾವುದು? ಮಣ್ಣು, ತಿಗರಿ, ಕೋಲು, ಕುಂಬಾರ. ಸರಿ, ಆ ಮಣ್ಣನ್ನು ಹೊತ್ತು ತಂದ ಕತ್ತೆ? ಅದೂ ಮಡಕೆಗಿಂತ ಮುಂಚೆಯೇ ಅಲ್ಲಿತ್ತಲ್ಲ. ಕುಂಬಾರನ ಅಪ್ಪ? ಅವನಿಲ್ಲದೆ ಕುಂಬಾರನೇ ಇಲ್ಲ. ಕೋಲಿನ ಬಣ್ಣ? ಕೋಲಿದ್ದ ಕಡೆಯೆಲ್ಲ ಅದರ ಬಣ್ಣವೂ ಇತ್ತು. ಇವೆಲ್ಲ ಕಾರ್ಯಕ್ಕೆ ಮುಂಚೆ ಇದ್ದರೂ ಕಾರಣಗಳಲ್ಲ, ‘ಅನ್ಯಥಾಸಿದ್ಧ’ಗಳು ಎಂದು ಅವರು ಬದಿಗೆ ಸರಿಸುತ್ತಾರೆ. 17ನೇ ಶತಮಾನದಲ್ಲಿ ವಿಶ್ವನಾಥ ಪಂಚಾನನ ಬರೆದ ‘ಭಾಷಾಪರಿಚ್ಛೇದ’ ಇಂಥವನ್ನು ಐದು ಬಗೆಯಾಗಿ ವಿಂಗಡಿಸುತ್ತದೆ. ಕತ್ತೆಯದು ಐದನೆಯ ಬಗೆ. ಮಣ್ಣನ್ನು ಗಾಡಿಯಲ್ಲಿ ತಂದಿದ್ದರೂ ಮಡಕೆ ಆಗುತ್ತಿತ್ತು. ಪಾಪ, ಕತ್ತೆಗೆ ಕಾರಣವೆಂಬ ಗೌರವ ದಕ್ಕಲಿಲ್ಲ.

ಹಾಗಾದರೆ ಹೊಸ ಟೈರು ಯಾವುದು: ತಿಗರಿಯೋ, ಕತ್ತೆಯೋ?

ಇದನ್ನು ಶಾಸ್ತ್ರದಿಂದ ತೀರ್ಮಾನಿಸಲಾಗದು, ಗಾಡಿ ಓಡಿಸಿಯೇ ನೋಡಬೇಕು. ಸಣ್ಣ ಕಾರಿಗೆ ಅಗಲದ ಟೈರ್ ಹಾಕಿಸುವ ಖಯಾಲಿ ಈಗ ಊರೂರಿಗೂ ಹಬ್ಬಿದೆ. ಕಂಪನಿಯಿಂದ 185/65 ಆರ್15 ಅಳತೆಯಲ್ಲಿ ಬಂದ ಕಾರಿಗೆ 215/45 ಆರ್17 ಹಾಕಿಸಿದರು ಎನ್ನೋಣ. ಚಕ್ರದ ಒಟ್ಟು ಎತ್ತರ ಹೆಚ್ಚು ಬದಲಾಗದು: 621 ಮಿ.ಮೀ. ಇದ್ದದ್ದು 625 ಆಗುತ್ತದೆ. ಬದಲಾಗುವುದು ಟೈರಿನ ಪಕ್ಕದ ಗೋಡೆ. 120 ಮಿ.ಮೀ. ಇದ್ದ ರಬ್ಬರ್ ಗೋಡೆ 97ಕ್ಕೆ ಇಳಿದು, ಗಿಡ್ಡವೂ ಬಿಗಿಯೂ ಆಗುತ್ತದೆ. ರಸ್ತೆಗೆ ತಾಗುವ ಜಾಗ ದೊಡ್ಡದಾಗುತ್ತದೆ, ಹಿಡಿತ ಅಷ್ಟರಮಟ್ಟಿಗೆ ಹೆಚ್ಚುತ್ತದೆ ಎಂಬ ನಂಬಿಕೆ ಬಹುಪಾಲು ಹುಸಿ. ಚಕ್ರವೊಂದರ ಮೇಲೆ 350 ಕೆ.ಜಿ. ಭಾರ, ಒಳಗೆ 33 ಪಿಎಸ್‌ಐ ಗಾಳಿ ಇದ್ದರೆ ನೆಲಕ್ಕೆ ತಾಗುವ ಜಾಗ ಸುಮಾರು 150 ಚದರ ಸೆಂ.ಮೀ., ಅಂದರೆ ಬೆರಳು ಸೇರಿಸಿ ಒಂದು ಹಸ್ತದಷ್ಟು. ಟೈರ್ ಅಗಲವಾದರೂ ಭಾರ ಅದೇ, ಗಾಳಿ ಅದೇ. ಹಾಗಾಗಿ ಹಸ್ತದ ಅಳತೆಯೂ ಹೆಚ್ಚುಕಮ್ಮಿ ಅದೇ. ಆಕಾರ ಮಾತ್ರ ಬೇರೆ. ಮುಂಚೆ ಉದ್ದುದ್ದ ಇದ್ದದ್ದು ಈಗ ಅಡ್ಡಡ್ಡ. ಮುಂದಿನ ರಗಳೆಗಳ ಬೇರು ಈ ಅಡ್ಡಡ್ಡದಲ್ಲಿದೆ.

ಗಿರಾಕಿ ‘ಎಳೀತಿದೆ’ ಎಂದು ಒಂದೇ ಮಾತಿನಲ್ಲಿ ಹೇಳುವುದು ನಿಜಕ್ಕೂ ಎರಡು ಬೇರೆ ಬೇರೆ ಕಾಯಿಲೆ. ಒಂದು ಬರೀ ಎಳೆತ: ಸ್ಟಿಯರಿಂಗ್ ಮೇಲಿನ ಹಿಡಿತ ಸಡಿಲಿಸಿದರೆ ಗಾಡಿ ಯಾವ ರಸ್ತೆಯಲ್ಲಾದರೂ ಒಂದೇ ಕಡೆಗೆ, ಒಂದೇ ಸಮನೆ ಸರಿಯುತ್ತದೆ. ಇನ್ನೊಂದಕ್ಕೆ ಟ್ರ್ಯಾಮ್‌ಲೈನಿಂಗ್ ಎನ್ನುತ್ತಾರೆ. ರಸ್ತೆಯ ಉದ್ದಕ್ಕೆ ಬಿದ್ದ ತಗ್ಗು, ಗೀರು, ಕಾಂಕ್ರೀಟ್ ಜೋಡಣೆ, ಕೇಬಲ್ ಹಾಕಿ ಮುಚ್ಚಿದ ಕಾಲುವೆಯ ಅಂಚು, ಇವು ಎತ್ತ ಕರೆಯುತ್ತವೋ ಗಾಡಿ ಅತ್ತ ಹೋಗುತ್ತದೆ. ಈಗ ಎಡಕ್ಕೆ, ಮರುಗಳಿಗೆ ಬಲಕ್ಕೆ. ನುಣುಪು ರಸ್ತೆಗೆ ಬಂದರೆ ಏನೂ ಆಗಿಲ್ಲವೆಂಬಂತೆ ನೆಟ್ಟಗೆ ಓಡುತ್ತದೆ. ಮೊದಲನೆಯದಕ್ಕೆ ಗಾಡಿಯೊಳಗೆ ಎಲ್ಲೋ ಒಂದು ದೋಷ ಸಿಗುತ್ತದೆ. ಎರಡನೆಯದಕ್ಕೆ ಬಹಳ ಸಲ ಎಷ್ಟು ಬಿಚ್ಚಿದರೂ ದೋಷ ಸಿಗುವುದಿಲ್ಲ, ಯಾಕೆಂದರೆ ಯಾವ ಭಾಗವೂ ಕೆಟ್ಟಿರುವುದಿಲ್ಲ.

ಮೊದಲು ಎಳೆತದ ವಿಷಯ. ಇಲ್ಲಿ ‘ನೆಟ್ಟಗೆ’ ಎಂಬುದೇ ಅಷ್ಟು ನೆಟ್ಟಗಿನ ಸಂಗತಿಯಲ್ಲ. ಮಳೆನೀರು ನಿಲ್ಲದಿರಲೆಂದು ರಸ್ತೆಯನ್ನು ಅಂಚಿನ ಕಡೆಗೆ ಇಳಿಜಾರಾಗಿ ಕಟ್ಟುತ್ತಾರೆ. ಡಾಂಬರು ರಸ್ತೆಯಲ್ಲಿ ಈ ಓರೆ ಸುಮಾರು 2 ಶೇಕಡ, ಅಂದರೆ ಒಂದು ಮೀಟರಿಗೆ 2 ಸೆಂ.ಮೀ. ಭಾರತದಲ್ಲಿ ಗಾಡಿ ಓಡುವುದು ಎಡಗಡೆ, ಓರೆ ಇರುವುದೂ ಎಡಕ್ಕೆ. ಹೀಗಾಗಿ ಏನೂ ಕೆಡದ ಗಾಡಿಯೂ ಕೈಬಿಟ್ಟರೆ ನಿಧಾನಕ್ಕೆ ಎಡಕ್ಕೆ ಸರಿಯುತ್ತದೆ. ಆ ರಸ್ತೆಯಲ್ಲಿ ಬಾಣದ ಹಾಗೆ ಓಡುವ ಗಾಡಿಯನ್ನು ನಿಜಕ್ಕೂ ಸಮತಟ್ಟಾದ ಮೈದಾನಕ್ಕೆ ಒಯ್ದರೆ ಅದು ಕೊಂಚ ಬಲಕ್ಕೆ ವಾಲೀತು. ಇನ್ನು ಈ ಓರೆಯ ರಸ್ತೆಯಲ್ಲೇ ಬಲಕ್ಕೆ ಎಳೆಯುವ ಗಾಡಿಯಲ್ಲಿ ಗಟ್ಟಿ ಕಾರಣವೇ ಇರಬೇಕು. ಕೆಲವು ಮೆಕ್ಯಾನಿಕ್‌ಗಳು ಬೇಕೆಂದೇ ಎಡ-ಬಲ ಚಕ್ರಗಳ ಕೋನದಲ್ಲಿ ಒಂದಿಷ್ಟು ವ್ಯತ್ಯಾಸ ಇಟ್ಟು ರಸ್ತೆಯ ಓರೆಯನ್ನು ಸರಿದೂಗಿಸುತ್ತಾರೆ. ಅವರ ಮಟ್ಟಿಗೆ ಸರಿಯಾದ ಗಾಡಿ ಎಂದರೆ ತಪ್ಪು ನೆಲದ ಮೇಲೆ ಸರಿಯಾಗಿ ಓಡುವ ಗಾಡಿ.

ಓರೆಯನ್ನು ಲೆಕ್ಕದಿಂದ ಕಳೆದ ಮೇಲೂ ಎಳೆತ ಉಳಿದರೆ ಹುಡುಕಾಟ ಶುರು. ಬುದ್ಧಿವಂತ ಮೇಸ್ತ್ರಿ ಎಲ್ಲಕ್ಕಿಂತ ಅಗ್ಗದ್ದನ್ನು ಮೊದಲು ನೋಡುತ್ತಾನೆ: ನಾಲ್ಕೂ ಚಕ್ರದ ಗಾಳಿ. ಆಮೇಲೆ ಪ್ರಶ್ನೆಗಳು. ಬ್ರೇಕ್ ಹಿಡಿದಾಗ ಮಾತ್ರ ಎಳೆಯುತ್ತದೆಯೋ? ಹಾಗಿದ್ದರೆ ಕ್ಯಾಲಿಪರ್ ಕಡೆ ನೋಡಬೇಕು. ಓಡಿಸಿ ತಂದ ಗಾಡಿಯಲ್ಲಿ ಒಂದೇ ಚಕ್ರ ಕೈ ಇಡಲಾಗದಷ್ಟು ಕಾದಿದ್ದರೆ ಆ ಬ್ರೇಕ್ ಬಿಡುತ್ತಿಲ್ಲ ಎಂದರ್ಥ. ಆಕ್ಸಿಲರೇಟರ್ ಒತ್ತಿದಾಗ ಮಾತ್ರವೋ? ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಎಡ-ಬಲ ಶಾಫ್ಟ್‌ಗಳ ಉದ್ದ ಬೇರೆ ಇದ್ದರೆ ಹಾಗಾಗುವುದುಂಟು. ಬಲಕ್ಕೆ ತಿರುಗಿಸಿದ ಮೇಲೆ ಬಲಕ್ಕೂ, ಎಡಕ್ಕೆ ತಿರುಗಿಸಿದ ಮೇಲೆ ಎಡಕ್ಕೂ ಎಳೆಯುತ್ತದೆಯೋ? ಇದು ಸ್ವಾರಸ್ಯದ ಕಾಯಿಲೆ, ಇದರ ಹೆಸರೇ ಮೆಮೊರಿ ಸ್ಟಿಯರ್. ಸ್ಟ್ರಟ್‌ನ ಮೇಲಿನ ಬೇರಿಂಗ್ ಬಿಗಿಹಿಡಿದು ಹಿಂದಿನ ತಿರುವನ್ನು ಮರೆಯದೆ ಕೂತಿರುತ್ತದೆ. ವಾಸನೆ, ಸಂಸ್ಕಾರಗಳ ಬಗ್ಗೆ ಉಪನ್ಯಾಸ ಕೊಡುವವರಿಗೆ ಬೇಕಾದರೆ ಬಳಸಿಕೊಳ್ಳಬಹುದು.

ಇದಾದ ಮೇಲೆ ಗಾಡಿ ಅಲೈನ್‌ಮೆಂಟ್ ಯಂತ್ರದ ಮೇಲೆ ಏರುತ್ತದೆ. ನಾಲ್ಕೂ ಚಕ್ರಕ್ಕೆ ಫಲಕ ಕಚ್ಚಿಸಿ, ಕ್ಯಾಮೆರಾ ಎದುರು ಗಾಡಿಯನ್ನು ಒಂದಿಷ್ಟು ಹಿಂದೆ ಮುಂದೆ ಉರುಳಿಸಿದರೆ ಪರದೆಯ ಮೇಲೆ ಚಕ್ರದ ಕೋನಗಳಾದ ಟೋ, ಕ್ಯಾಂಬರ್, ಕ್ಯಾಸ್ಟರ್‌ಗಳ ಅಂಕಿ ಮೂಡುತ್ತದೆ. ಮಿತಿಯೊಳಗಿದ್ದರೆ ಹಸಿರು, ಮೀರಿದರೆ ಕೆಂಪು. ಕ್ಯಾಸ್ಟರ್ ಕಡಿಮೆ ಇರುವ ಕಡೆಗೆ ಗಾಡಿ ಎಳೆಯುತ್ತದೆ. ಕ್ಯಾಂಬರ್‌ನಲ್ಲಿ, ಚಕ್ರದ ತಲೆ ಹೆಚ್ಚು ಹೊರಕ್ಕೆ ವಾಲಿರುವ ಕಡೆಗೆ. ಮುಂದಿನ ಟೋ ತಪ್ಪಿದರೆ ಮಾತ್ರ ಎಳೆತ ಬರುವುದಿಲ್ಲ. ಸ್ಟಿಯರಿಂಗ್ ಸೊಟ್ಟಗೆ ನಿಲ್ಲುತ್ತದೆ, ಟೈರ್ ಸವೆಯುತ್ತದೆ, ಗಾಡಿ ಚಂಚಲವಾಗುತ್ತದೆ. ಆದರೆ ಅಂಗಡಿಗಳಲ್ಲಿ ದಿನಬೆಳಗಾದರೆ ತಿರುಗಿಸುವುದು ಟೋ ಒಂದನ್ನೇ. ಅನೇಕ ಸಣ್ಣ ಕಾರುಗಳಲ್ಲಿ ಸುಲಭವಾಗಿ ತಿರುಗಿಸಲು ಬರುವುದೂ ಅದೊಂದೇ. ಕಳೆದುಹೋದದ್ದನ್ನು ದೀಪದ ಕೆಳಗೆ ಹುಡುಕುವ ಕಥೆಯಿದು.

ಪರದೆಯಲ್ಲಿ ಎಲ್ಲವೂ ಹಸಿರು. ಗಿರಾಕಿ ದುಡ್ಡು ಕೊಟ್ಟು ಹೊರಡುತ್ತಾನೆ, ಅರ್ಧ ಗಂಟೆಯಲ್ಲಿ ಮತ್ತೆ ಹಾಜರು: “ಅಣ್ಣಾ, ಇನ್ನೂ ಎಳೀತಿದೆ.” ಯಂತ್ರ ಸುಳ್ಳು ಹೇಳಿತೇ? ಹೇಳಲಿಲ್ಲ. ಅದರ ಕಣ್ಣಿಗೆ ಕಾಣುವುದು ಚಕ್ರ ನಿಂತ ಕೋನ ಮಾತ್ರ, ರಬ್ಬರಿನ ಒಳಗೇನಿದೆ ಎಂಬುದು ಅದರ ಪ್ರತ್ಯಕ್ಷಕ್ಕೆ ಹೊರಗು. ಟೈರ್ ತಯಾರಾಗುವಾಗ ಒಳಗಿನ ಉಕ್ಕಿನ ಪಟ್ಟಿ ಒಂದೆರಡು ಮಿ.ಮೀ. ಪಕ್ಕಕ್ಕೆ ಕೂತಿದ್ದರೂ ಸಾಕು, ಟೈರಿಗೆ ಶಂಕುವಿನ ಗುಣ ಬರುತ್ತದೆ. ಕಾಗದದ ಟೀ ಲೋಟವನ್ನು ಮೇಜಿನ ಮೇಲೆ ಉರುಳಿಸಿದರೆ ನೆಟ್ಟಗೆ ಹೋಗದೆ ದುಂಡಗೆ ತಿರುಗುತ್ತದಲ್ಲ, ಹಾಗೆ. ಕಣ್ಣಿಗೆ, ಕೈಗೆ, ಕ್ಯಾಮೆರಾಕ್ಕೆ ಇದು ಸಿಗದು. ಹಿಡಿಯುವ ಸುಲಭ ಉಪಾಯ ಒಂದಿದೆ: ಮುಂದಿನ ಎಡ ಚಕ್ರವನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ, ಬೇರೇನನ್ನೂ ಮುಟ್ಟದೆ, ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸುವುದು. ಎಡಕ್ಕಿದ್ದ ಎಳೆತ ಬಲಕ್ಕೆ ತಿರುಗಿದರೆ ಟೈರೇ ಕಾರಣ. ಒಂದಿನಿತೂ ಬದಲಾಗದೆ ಎಡಕ್ಕೇ ಉಳಿದರೆ ಟೈರು ನಿರಪರಾಧಿ, ಅದು ಬರೀ ಕುಂಬಾರನ ಕತ್ತೆ. ಪಕ್ಕದಲ್ಲಿ ಬಾಣದ ಗುರುತಿರುವ, ಒಂದೇ ದಿಕ್ಕಿಗೆ ಉರುಳಬೇಕಾದ ಟೈರುಗಳನ್ನು ಹೀಗೆ ಅದಲುಬದಲು ಮಾಡುವಂತಿಲ್ಲ. ಅವನ್ನು ಹಿಂದೆ ಮುಂದೆ ಮಾಡಿ ನೋಡಬೇಕು.

ತರ್ಕದಲ್ಲಿ ಇದಕ್ಕೆ ಅನ್ವಯ-ವ್ಯತಿರೇಕ ಎನ್ನುತ್ತಾರೆ: ಇದು ಇದ್ದರೆ ಅದು ಇರುತ್ತದೆ, ಇದು ಇಲ್ಲದಿದ್ದರೆ ಅದೂ ಇರುವುದಿಲ್ಲ. 1843ರಲ್ಲಿ ಜಾನ್ ಸ್ಟುವರ್ಟ್ ಮಿಲ್ ತನ್ನ ತರ್ಕಗ್ರಂಥದಲ್ಲಿ ವಿಜ್ಞಾನಕ್ಕಾಗಿ ಕ್ರಮವಾಗಿ ಬರೆದಿಟ್ಟ ವಿಧಾನಗಳಲ್ಲೂ ಇದರ ಹತ್ತಿರದ ಬಂಧುಗಳಿವೆ. ಮಿಲ್‌ನ ಷರತ್ತು ಕಟ್ಟುನಿಟ್ಟು: ಎರಡು ಸಂದರ್ಭಗಳ ನಡುವೆ ಒಂದೇ ಒಂದು ವ್ಯತ್ಯಾಸ ಇರಬೇಕು. ಗ್ಯಾರೇಜುಗಳಲ್ಲಿ ಕೆಡುವುದು ಈ ಷರತ್ತೇ. ಗಾಳಿ ಹೊಡೆದು, ಬ್ಯಾಲೆನ್ಸಿಂಗ್ ಮಾಡಿ, ಚಕ್ರ ಅದಲುಬದಲು ಮಾಡಿ, ಟೋ ಸರಿಪಡಿಸಿ, ಲೋಯರ್ ಆರ್ಮ್ ಬುಷ್ ಬದಲಿಸಿ, ಎಲ್ಲವನ್ನೂ ಒಂದೇ ಮಧ್ಯಾಹ್ನದಲ್ಲಿ ಮುಗಿಸುತ್ತಾರೆ. ಸಂಜೆ ಗಾಡಿ ನೆಟ್ಟಗೆ ಓಡುತ್ತದೆ. ಯಾವುದರಿಂದ ಸರಿಹೋಯಿತು? ಯಾರಿಗೂ ಗೊತ್ತಿಲ್ಲ. ಬಿಲ್ಲಿನಲ್ಲಿ ಐದು ಸಾಲು, ಕಾರಣ ಒಂದು, ಉಳಿದ ನಾಲ್ಕು ಕತ್ತೆಗಳ ಮೇವಿನ ಖರ್ಚು. ಗಾಡಿ ಸರಿಹೋದರೆ ಸಾಕು, ಕಾರಣ ಕಟ್ಟಿಕೊಂಡು ಏನಾಗಬೇಕು ಎನ್ನುವವರುಂಟು. ಅವರ ಮಾತು ಮುಂದಿನ ಸಲ ಎಳೆಯುವವರೆಗೆ ಸರಿ.

ಟ್ರ್ಯಾಮ್‌ಲೈನಿಂಗ್ ವಿಷಯಕ್ಕೆ ಬಂದರೆ ಒಂದನ್ನೇ ಬದಲಿಸಿ ನೋಡುವ ಈ ಉಪಾಯ ಕೈಕೊಡುತ್ತದೆ. ಅಗಲದ ಟೈರ್ ತೆಗೆದು ಹಳೆಯದನ್ನು ಹಾಕಿ, ಗಾಡಿ ಸುಮ್ಮನಾಗುತ್ತದೆ. ಹಾಗಾದರೆ ಅಗಲವೇ ಕಾರಣ. ಅಗಲದ ಟೈರನ್ನೇ ಉಳಿಸಿ ಹೊಸದಾಗಿ ಡಾಂಬರು ಹಾಕಿದ ರಸ್ತೆಗೆ ಹೋಗಿ, ಆಗಲೂ ಸುಮ್ಮನಾಗುತ್ತದೆ. ಹಾಗಾದರೆ ರಸ್ತೆಯೇ ಕಾರಣ. ಎರಡನ್ನೂ ಹಾಗೇ ಬಿಟ್ಟು ಅಲಾಯ್ ವೀಲ್ ಬದಲಿಸಿ, ಪೂರ್ತಿ ಅಲ್ಲದಿದ್ದರೂ ಬಹಳಷ್ಟು ತಗ್ಗಬಹುದು. ಕಂಪನಿ ವೀಲಿನ ಆಫ್‌ಸೆಟ್ 45 ಇದ್ದು, ಅಂದಕ್ಕೆಂದು ಹಾಕಿಸಿದ್ದು 35 ಆದರೆ ಚಕ್ರ 10 ಮಿ.ಮೀ. ಹೊರಕ್ಕೆ ಬಂದಿರುತ್ತದೆ. ಸ್ಟಿಯರಿಂಗ್ ತಿರುಗುವ ಅಕ್ಷಕ್ಕೂ ಟೈರ್ ನೆಲಕ್ಕೆ ತಾಗುವ ಜಾಗಕ್ಕೂ ನಡುವಿನ ಅಂತರ ಅಷ್ಟು ಬದಲಾಗಿ, ನೆಲದ ಸಣ್ಣ ತಳ್ಳಾಟಕ್ಕೂ ಉದ್ದದ ಸನ್ನೆಗೋಲು ಸಿಕ್ಕಂತಾಗುತ್ತದೆ.

ನೈಯಾಯಿಕರ ‘ಉಪಾಧಿ’ ಎಂಬ ಕಲ್ಪನೆ ಇಲ್ಲಿ ನೆರವಿಗೆ ಬರುತ್ತದೆ. ಹೊಗೆಯಿದ್ದಲ್ಲಿ ಬೆಂಕಿ ಎಂಬುದು ಅವರ ಅಚ್ಚುಮೆಚ್ಚಿನ ಅನುಮಾನ. ಆದರೆ ತಿರುಗಿಸಿ ಬೆಂಕಿಯಿದ್ದಲ್ಲಿ ಹೊಗೆ ಎಂದರೆ ಅವರು ಒಪ್ಪರು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಅಡುಗೆಮನೆಯಲ್ಲಿ ಎರಡೂ ಇರುವುದೇಕೆಂದರೆ ಅಲ್ಲಿ ಹಸಿ ಸೌದೆ ಇದೆ. ಆ ಹಸಿ ಸೌದೆಯೇ ಉಪಾಧಿ, ಮರೆಯಲ್ಲಿ ನಿಂತ ಷರತ್ತು. ಅಗಲದ ಟೈರ್ ಇದ್ದರೆ ಗಾಡಿ ಎಳೆದಾಡುತ್ತದೆ ಎಂಬ ನಿಯಮಕ್ಕೂ ಹೀಗೆ ಹಸಿ ಸೌದೆ ಬೇಕು: ತಗ್ಗು ಬಿದ್ದ ರಸ್ತೆ. ಅಗಲದ ಟೈರ್ ತಗ್ಗಿನ ಇಳಿಜಾರಿಗೆ ಬಂದಾಗ ಅದರ ಅಡ್ಡಡ್ಡದ ಹಸ್ತ ಪೂರ್ತಿ ಊರುವುದಿಲ್ಲ. ಭಾರ ಒಂದು ಅಂಚಿಗೆ ವಾಲುತ್ತದೆ, ಬಲದ ಕೇಂದ್ರ ಪಕ್ಕಕ್ಕೆ ಜಾರುತ್ತದೆ, ಸ್ಟಿಯರಿಂಗ್ ಕೈಯಲ್ಲಿ ಮಿಡುಕುತ್ತದೆ. ಎತ್ತರದ ಮೆತ್ತನೆಯ ಪಕ್ಕಗೋಡೆಯಾಗಿದ್ದರೆ ಬಾಗಿ ಬಳುಕಿ ಇದನ್ನು ನುಂಗಿಕೊಳ್ಳುತ್ತಿತ್ತು. 97 ಮಿ.ಮೀ. ಗೋಡೆಗೆ ಆ ಸಹನೆ ಇಲ್ಲ.

ಇನ್ನು ತಗ್ಗಿನ ಹುಟ್ಟು. ಡಾಂಬರು ಬಿಸಿಲಿಗೆ ಮೆತ್ತಗಾಗುತ್ತದೆ, ನಿಧಾನಕ್ಕೆ ಹೋಗುವ ಭಾರದ ಕೆಳಗೆ ಹೆಚ್ಚು ಹೊತ್ತು ಒತ್ತಿಸಿಕೊಳ್ಳುತ್ತದೆ. ಅದಕ್ಕೇ ಏರು, ಸಿಗ್ನಲ್ಲು, ಟೋಲ್ ಗೇಟಿನ ಮುಂದೆ, ಹೆದ್ದಾರಿಯ ಎಡ ಲೇನಿನಲ್ಲಿ ತಗ್ಗುಗಳು ಆಳ. ಕಾರುಗಳ ಪಾಲು ಇದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. 1958ರಿಂದ 60ರವರೆಗೆ ಅಮೆರಿಕದ ಇಲಿನಾಯ್‌ನಲ್ಲಿ ನಡೆದ ಆಶೋ ರಸ್ತೆ ಪರೀಕ್ಷೆಯಿಂದ ಬಂದ ಸ್ಥೂಲ ಲೆಕ್ಕದ ಪ್ರಕಾರ ರಸ್ತೆಯ ಸವೆತ ಆಕ್ಸಲ್ ಭಾರದ ನಾಲ್ಕನೆಯ ಘಾತದಂತೆ ಏರುತ್ತದೆ. 1 ಟನ್ನಿನ ಆಕ್ಸಲ್‌ಗೆ ಹೋಲಿಸಿದರೆ 10 ಟನ್ನಿನದು ಮಾಡುವ ಹಾನಿ ಹತ್ತು ಪಟ್ಟಲ್ಲ, 10,000 ಪಟ್ಟು. ಲಾರಿಯ ಎಡ-ಬಲ ಚಕ್ರಗಳ ನಡುವಿನ ಅಂತರ ಕಾರಿನದಕ್ಕಿಂತ ಹೆಚ್ಚು. ಹಾಗಾಗಿ ಲಾರಿ ಕೊರೆದ ಜೋಡಿ ತಗ್ಗಿನಲ್ಲಿ ಕಾರಿನ ಎರಡೂ ಚಕ್ರ ಒಟ್ಟಿಗೆ ಕೂರುವುದಿಲ್ಲ. ಒಂದು ತಳದಲ್ಲಿ, ಇನ್ನೊಂದು ಇಳಿಜಾರಿನಲ್ಲಿ. ತಗ್ಗು ತೋಡಿದ ಲಾರಿ ಅದರಲ್ಲಿ ನಿರಾಳವಾಗಿ ಹೋಗುತ್ತದೆ. ಹಾಗಾದರೆ ಟೈರು, ವೀಲು, ರಸ್ತೆ, ಲಾರಿ: ಇವುಗಳಲ್ಲಿ ಕಾರಣ ಯಾವುದು?

ಆಕ್ಸ್‌ಫರ್ಡ್‌ನ ತತ್ತ್ವಶಾಸ್ತ್ರಜ್ಞ ಆರ್. ಜಿ. ಕಾಲಿಂಗ್‌ವುಡ್ 1940ರಲ್ಲಿ ಪ್ರಕಟಿಸಿದ ಮೆಟಾಫಿಸಿಕ್ಸ್ ಕುರಿತ ಪುಸ್ತಕದಲ್ಲಿ ಕಾರಿನ ಪ್ರಸಂಗವೊಂದನ್ನೇ ಎತ್ತಿಕೊಂಡಿದ್ದ. ತಿರುವಿನಲ್ಲಿ ಕಾರು ಜಾರಿ ಮಗುಚುತ್ತದೆ. ಕಾರಣವೇನು? ಚಾಲಕನ ದೃಷ್ಟಿಯಲ್ಲಿ ಅತಿವೇಗ. ರಸ್ತೆ ನೋಡಿಕೊಳ್ಳುವ ಅಧಿಕಾರಿಗೆ ರಸ್ತೆಯ ಮೇಲ್ಮೈ ಅಥವಾ ಓರೆಯಲ್ಲಿನ ದೋಷ. ತಯಾರಕನಿಗೆ ಕಾರಿನ ವಿನ್ಯಾಸದ ಕೊರತೆ. ಮೂವರೂ ಸರಿ ಎನ್ನುತ್ತಾನೆ ಕಾಲಿಂಗ್‌ವುಡ್. ಒಂದು ಘಟನೆಯ ಹಿಂದಿನ ಹತ್ತಾರು ಷರತ್ತುಗಳಲ್ಲಿ ಯಾರ ಕೈಗೆ ಯಾವುದು ನಿಲುಕುತ್ತದೋ ಅವರಿಗೆ ಅದೇ ಕಾರಣ. ಯಾವ ಷರತ್ತೂ ಕೈಗೆಟುಕದವನ ಪಾಲಿಗೆ ಆ ಘಟನೆಗೆ ಕಾರಣವೇ ಇಲ್ಲ.

ಮಾತು ಸೊಗಸಾಗಿದೆ, ಆದರೆ ಕಾಲಿಂಗ್‌ವುಡ್ ಅಲೈನ್‌ಮೆಂಟ್ ಅಂಗಡಿಯಲ್ಲಿ ಒಂದು ದಿನ ಕೂತಿದ್ದರೆ ಕೊಂಚ ತಿದ್ದಿ ಬರೆಯುತ್ತಿದ್ದನೇನೋ. ಅಲ್ಲಿ ನಡೆಯುವುದು ತದ್ವಿರುದ್ಧ. ಪ್ರತಿಯೊಬ್ಬನೂ ಕಾರಣವೆಂದು ಬೊಟ್ಟು ಮಾಡುವುದು ತನ್ನ ಕೈಗೆ ನಿಲುಕದ್ದನ್ನೇ. ಮಾಲೀಕ ಟೈರ್ ಅಂಗಡಿಯನ್ನು ತೋರಿಸುತ್ತಾನೆ, ಟೈರ್ ಅಂಗಡಿಯವನು ಅಲೈನ್‌ಮೆಂಟನ್ನು, ಅಲೈನ್‌ಮೆಂಟಿನವನು ರಸ್ತೆಯನ್ನು, ರಸ್ತೆಯ ಇಂಜಿನಿಯರು ಮಿತಿಮೀರಿ ಭಾರ ಹೇರಿದ ಲಾರಿಯನ್ನು. ನಾಲ್ವರೂ ಹೇಳಿದ್ದರಲ್ಲಿ ಸುಳ್ಳಿಲ್ಲ. ನಿಜವಾದ ಷರತ್ತೊಂದನ್ನು ತೋರಿಸಿಯೇ ಪ್ರತಿಯೊಬ್ಬನೂ ತನ್ನ ಪಾಲಿನ ಷರತ್ತನ್ನು ಮರೆಮಾಡುತ್ತಾನೆ. ಬರೀ ಸುಳ್ಳಾಗಿದ್ದರೆ ಹಿಡಿಯುವುದು ಸುಲಭವಿತ್ತು.

ಇವರೆಲ್ಲರ ಆಚೆ ಇನ್ನೊಂದು ಉತ್ತರ ಸದಾ ಸಿದ್ಧವಿರುತ್ತದೆ: ಹಣೆಬರಹ, ಇಲ್ಲವೇ ದೃಷ್ಟಿ. ಆಯುಧಪೂಜೆಯ ದಿನ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಅಗಲದ ಹೊಸ ಟೈರಿನಿಂದಲೇ ಜಜ್ಜಿಸಿದ ಮೇಲೂ ಗಾಡಿ ಎಳೆದರೆ ಮನೆಯ ಹಿರಿಯರು ಬೇರೇನು ಹೇಳಿಯಾರು? ಇದನ್ನು ನಕ್ಕು ತಳ್ಳಿಹಾಕುವ ಮುನ್ನ ನೈಯಾಯಿಕರು ಇದಕ್ಕೆ ಕೊಟ್ಟ ಜಾಗ ನೋಡಬೇಕು. ಅವರು ದೇವರನ್ನೂ ಕರ್ಮದ ಫಲವಾದ ಅದೃಷ್ಟವನ್ನೂ ಕಾರಣಗಳ ಪಟ್ಟಿಯಿಂದ ಹೊರಗಿಡಲಿಲ್ಲ. ಈಶ್ವರ, ಕಾಲ, ದಿಕ್ಕು, ಅದೃಷ್ಟ ಮುಂತಾದವನ್ನು ‘ಸಾಧಾರಣ ಕಾರಣ’ಗಳೆಂದು ಕರೆದರು. ಜಗತ್ತಿನಲ್ಲಿ ಏನೇ ಆಗಲಿ, ಅದಕ್ಕೆ ಇವೆಲ್ಲ ಕಾರಣಗಳೇ. ಎಡಕ್ಕೆ ಎಳೆದರೂ ಇವೇ, ಬಲಕ್ಕೆ ಎಳೆದರೂ ಇವೇ, ನೆಟ್ಟಗೆ ಹೋದರೂ ಇವೇ. ಎಲ್ಲಕ್ಕೂ ಸಮಾನವಾದ್ದರಿಂದಲೇ ಈ ಗಾಡಿ ಈ ರಸ್ತೆಯಲ್ಲಿ ಎಡಕ್ಕೇಕೆ ಎಳೆಯುತ್ತದೆ ಎಂಬುದಕ್ಕೆ ಬೇರೆಯೇ ‘ಅಸಾಧಾರಣ ಕಾರಣ’ ಬೇಕಾಗುತ್ತದೆ. ಆಸ್ತಿಕರಾಗಿದ್ದೂ ದೇವರನ್ನು ಗ್ಯಾರೇಜಿನ ಕೆಲಸದಿಂದ ಹೀಗೆ ಗೌರವಪೂರ್ವಕವಾಗಿ ಬಿಡುಗಡೆ ಮಾಡಿದ್ದು ಸಣ್ಣ ಸಾಧನೆಯಲ್ಲ.

ಕಠೋಪನಿಷತ್ತಿನ ರಥದ ರೂಪಕವನ್ನೂ ಇಲ್ಲಿ ಎಳೆದು ತರದಿರುವುದು ಕಷ್ಟ. ದೇಹ ರಥ, ಬುದ್ಧಿ ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆಗಳು. ಇಷ್ಟನ್ನು ಎಲ್ಲ ಪ್ರವಚನಕಾರರೂ ಹೇಳುತ್ತಾರೆ. ಆ ಕುದುರೆಗಳು ಓಡುವ ದಾರಿ ಯಾವುದು ಎಂದೂ ಉಪನಿಷತ್ತು ಹೇಳಿದೆ: ವಿಷಯಗಳು, ಅಂದರೆ ಇಂದ್ರಿಯಗಳಿಗೆ ಒದಗುವ ಹೊರಗಿನ ವಸ್ತುಗಳು. ಪ್ರವಚನದಲ್ಲಿ ಬೈಗುಳ ಬೀಳುವುದೆಲ್ಲ ಹುಚ್ಚು ಕುದುರೆಗಳಿಗೆ ಮತ್ತು ಸಡಿಲ ಲಗಾಮಿಗೆ. ದಾರಿ ಸುಮ್ಮನೆ ಬಿದ್ದುಕೊಂಡಿರುತ್ತದೆ. ಅಗಲದ ಟೈರಿನ ಕಾರು ಓಡಿಸಿದವರಿಗೆ ಈ ಹಂಚಿಕೆ ಅನ್ಯಾಯವೆನಿಸಬಹುದು. ಲಗಾಮು ಬಿಗಿಯಾಗಿದೆ, ಸಾರಥಿ ಎಚ್ಚರವಾಗಿದ್ದಾನೆ, ಎಳೆಯುತ್ತಿರುವುದು ದಾರಿಯೇ. ಹಾಗೆಂದು ಸಾರಥಿ ಪೂರ್ತಿ ಪಾರಾಗಲಾರ. ಯಾವ ಚಕ್ರ ಹಾಕಿಸಬೇಕೆಂದು ತೀರ್ಮಾನಿಸಿದವನು ಅವನೇ ತಾನೆ?

ಹೀಗಾಗಿ ಟ್ರ್ಯಾಮ್‌ಲೈನಿಂಗ್‌ಗೆ ಮದ್ದು ಕೇಳಿ ಬಂದವನಿಗೆ ಪ್ರಾಮಾಣಿಕ ಮೇಸ್ತ್ರಿ ಮೊದಲು ಒಂದು ಪ್ರಶ್ನೆ ಹಾಕುತ್ತಾನೆ: ಏನು ಬಿಡಲು ತಯಾರಿದ್ದೀರಿ ಸಾರ್? ಅಗಲ ಬಿಡುವುದಾದರೆ 185ಕ್ಕೋ 195ಕ್ಕೋ ಮರಳಿದರೆ ಬಹುಪಾಲು ಮುಗಿಯಿತು. ಅಗಲ ಬೇಕೇ ಬೇಕೆಂದರೆ ಆಫ್‌ಸೆಟ್ ಹೊಂದುವ ವೀಲು, ಹೊಸ ಅಳತೆಗೆ ತಕ್ಕ ಗಾಳಿ, ಮಿತಿಯೊಳಗಿನ ಟೋ, ಸಡಿಲವಿಲ್ಲದ ಬುಷ್ಷು ಮತ್ತು ಬಾಲ್ ಜಾಯಿಂಟು. ಇಷ್ಟೆಲ್ಲ ಮಾಡಿದರೂ ಒಂದಿಷ್ಟು ಮಿಡುಕಾಟ ಉಳಿಯುತ್ತದೆ, ಅದು ಅಂದಕ್ಕೆ ಕೊಡುವ ಬೆಲೆ. ರಸ್ತೆಯ ತಗ್ಗನ್ನು ಕೆರೆದು ಹೊಸ ಪದರ ಹಾಕುವುದು ಹೆದ್ದಾರಿಯವರ ಕೆಲಸ, ಅದು ಅವರ ಕಾಲಕ್ಕೆ ಆಗುತ್ತದೆ. ಅಲ್ಲಿಯವರೆಗೆ ಖರ್ಚಿಲ್ಲದ ಉಪಾಯವೊಂದಿದೆ. ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ಆದರೆ ಗುದ್ದಾಡದೆ, ಗಾಡಿಯನ್ನು ಲೇನಿನೊಳಗೇ ಒಂದಡಿ ಆಚೀಚೆ ಸರಿಸಿ, ಚಕ್ರಗಳು ತಗ್ಗಿನ ಇಳಿಜಾರು ಬಿಟ್ಟು ಸಮನಾದ ಭಾಗದ ಮೇಲೆ ಓಡುವಂತೆ ನೋಡಿಕೊಳ್ಳುವುದು. ಲಾರಿಗಳು ಹೆಚ್ಚು ಓಡುವ ಎಡ ಲೇನಿನಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ಮಳೆಗಾಲದಲ್ಲಿ ಇನ್ನೂ ಮುಖ್ಯ, ಯಾಕೆಂದರೆ ಆಗ ಆ ತಗ್ಗುಗಳಲ್ಲಿ ನೀರು ನಿಂತಿರುತ್ತದೆ ಮತ್ತು ಅಗಲದ ಟೈರ್ ನೀರಿನ ಮೇಲೆ ಬೇಗ ತೇಲುತ್ತದೆ.